ಹನ್ನೆರಡನೆಯ ಕೊಳವೆ

ವಿಸ್ಕಿ ಭಟ್ಟಿಗಳನ್ನು ನೋಡಿಕೊಂಡು ಬರೋಣ ಬಾ ಎಂದು ನೆಟ್ಟಿ ಪ್ರತಿ ಅಕ್ಟೋಬರಿನಲ್ಲೂ ತನ್ನ ಅಣ್ಣನ ಹೆಂಡತಿ ಎಫಿಯನ್ನು ಕರೆಯುತ್ತಿದ್ದಳು. ಬಾಯಿಮಾತಿಗೆ ಕರೆಯುವ ಕರೆ ಅದು. ಎಫಿಯೂ ಪ್ರತಿ ಅಕ್ಟೋಬರಿನಲ್ಲೂ, "ಆ ಕುಡುಕರ ಕೊಂಪೆಗೆ ನಾನ್ಯಾಕೆ ಬರ್ಲಿ?" ಎಂದು ಕೇಳಿ ಹೆಣಿಗೆ ಮುಂದುವರಿಸುತ್ತಿದ್ದಳು. ಹನ್ನೊಂದು ವರ್ಷ ತಪ್ಪದೆ ನಡೆದು ಬಂದ ಈ ಪದ್ಧತಿ ಈ ಸಲ ಮುರಿಯಿತು.

"ಬರ್ತೀನಿ" ಎಂದಳು ಎಫಿ.

ನೆಟ್ಟಿಯ ಕೈಯಲ್ಲಿದ್ದ ಚಹಾ ಬಟ್ಟಲು ತುಟಿಗೂ ತಟ್ಟೆಗೂ ನಡುವೆ ನಿಂತುಬಿಟ್ಟಿತು. "ಹುಷಾರಾಗಿದೀಯಾ?"

"ಹುಷಾರಾಗೇ ಇದೀನಿ. ಸೋಮವಾರ ಹೊರಟು ಬುಧವಾರ ಸಂಜೆ ಒಳಗೆ ಮನೆ ಸೇರ್ಬೇಕು, ಅಷ್ಟೆ. ಗುರುವಾರದಿಂದ ಪ್ರಭುಭೋಜನದ ಆರಾಧನೆ ಶುರು."

ನೆಟ್ಟಿ ಮದುವೆಯಾಗದವಳು. ಎಲ್ಗಿನ್ ಪಟ್ಟಣದ ಅಂಚೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಸ್ಟಾಂಪು ಮಾರಿ ನಿವೃತ್ತಳಾಗಿದ್ದಳು. ಒಂದು ಸಣ್ಣ ಕೆಂಪು ಕಾರು ಇತ್ತು, ಅದಕ್ಕಿಂತ ಜೋರಾದ ನಾಲಿಗೆ ಇತ್ತು. ಚರ್ಚಿಗೆ ಅವಳು ಹೋಗುತ್ತಿದ್ದದ್ದು ಶವಸಂಸ್ಕಾರಗಳಿಗೆ ಮಾತ್ರ. ಕೊನೆಯ ಸಲ ಹೋದದ್ದು ಕಳೆದ ಫೆಬ್ರವರಿಯಲ್ಲಿ, ಅಣ್ಣ ಫರ್ಕರ್ ಗೆಡ್ಡಿಸ್‌ನನ್ನು ಮಣ್ಣು ಮಾಡಿದ ದಿನ.

ಎಫಿಯ ಮನೆ ಸ್ಪೇ ನದಿಯ ಕಣಿವೆಯಲ್ಲಿ, ಡಾಲ್ನಬ್ರೇ ಭಟ್ಟಿಯ ಗೋಡೆಗೆ ಒರಗಿಕೊಂಡಂತೆಯೇ ಇತ್ತು. ಫರ್ಕರ್ ಆ ಭಟ್ಟಿಯ ಉಗ್ರಾಣದಲ್ಲಿ ಪೀಪಾಯಿಗಳ ಮೇಲ್ವಿಚಾರಕನಾಗಿ ಮೂವತ್ತಾರು ವರ್ಷ ದುಡಿದ. ಅಷ್ಟು ವರ್ಷವೂ ಎಫಿ ಆ ಗೇಟಿನೊಳಗೆ ಕಾಲಿಟ್ಟವಳಲ್ಲ. ಮಧ್ಯಾಹ್ನದ ರೊಟ್ಟಿಯನ್ನು ಗೇಟಿನ ಮೇಲಿನಿಂದ ಕೊಟ್ಟು ಹಿಂದಿರುಗುತ್ತಿದ್ದಳು. ಪೀಪಾಯಿಗಳಿಂದ ಆವಿಯಾಗಿ ಹೋಗುವ ವಿಸ್ಕಿಯ ದೆಸೆಯಿಂದ ಆ ಊರಿನ ಗೋಡೆಗಳಿಗೆಲ್ಲ ಕರಿಯ ಬೂಷ್ಟು ಹಿಡಿಯುತ್ತದೆ. ಎಫಿ ಪ್ರತಿ ವಸಂತದಲ್ಲೂ ತನ್ನ ಮನೆಯ ಮುಂಗೋಡೆಯನ್ನು ಸೋಡಾ ಹಾಕಿ ಉಜ್ಜುತ್ತಿದ್ದಳು. ಭಟ್ಟಿಯ ಜೊತೆ ಅವಳಿಗಿದ್ದ ಸಂಬಂಧ ಅಷ್ಟೇ.

ಅಂಥವಳು ಸೋಮವಾರ ಬೆಳಿಗ್ಗೆ ಕರಿಯ ಕೋಟು, ಕರಿಯ ಟೋಪಿ ತೊಟ್ಟು, ಉದ್ದನೆಯ ಕೈಚೀಲವನ್ನು ಎದೆಗವಚಿಕೊಂಡು ಕಾರಿನಲ್ಲಿ ಕೂತಳು.

"ಚೀಲ ಹಿಂದಿನ ಸೀಟಲ್ಲಿಡೇ, ಆರಾಮಾಗಿ ಕೂತ್ಕೋ" ಎಂದಳು ನೆಟ್ಟಿ.

"ನನ್ನ ಹತ್ರಾನೇ ಇರ್ಲಿ."

"ಏನಿದೆ ಅದ್ರಲ್ಲಿ, ಬೈಬಲ್ಲಾ? ಒಂದೇ ಬೈಬಲ್ಲೋ, ಎಲ್ಲ ಭಟ್ಟಿಗೂ ಒಂದೊಂದೋ?"

ಎಫಿ ಚೀಲದ ಬಾಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಚೀಲದೊಳಗೆ ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿದ ಒಂದು ತಾಮ್ರದ ಕೊಳವೆ ಇತ್ತು. ಮೊಳಕ್ಕಿಂತ ಸ್ವಲ್ಪ ಕಡಿಮೆ ಉದ್ದ, ಎರಡು ಬೆರಳು ದಪ್ಪ. ಒಂದು ತುದಿಗೆ ಹಳೆಯ ರಾಜನ ತಲೆಯಿದ್ದ ತಾಮ್ರದ ಕಾಸನ್ನು ಬೆಸುಗೆ ಹಾಕಿ ಮುಚ್ಚಿದ್ದರು. ಇನ್ನೊಂದು ತುದಿಗೆ ಬಿರಡೆ, ಕೊರಳಿಗೆ ದಾರ. ಆಗಸ್ಟ್ ತಿಂಗಳಲ್ಲಿ ಹಿತ್ತಲಿನ ಶೆಡ್ಡನ್ನು ಚೊಕ್ಕಟ ಮಾಡುವಾಗ ಫರ್ಕರ್‌ನ ಎಡಗಾಲಿನ ರಬ್ಬರ್ ಬೂಟಿನೊಳಗೆ ಅದು ಸಿಕ್ಕಿತು.

ಅದೇನೆಂದು ಆ ಕಣಿವೆಯಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಗ್ರಾಣದ ಆಳುಗಳು ಅದನ್ನು ಷರಾಯಿಯ ಒಳಗೆ ದಾರ ಕಟ್ಟಿ ಇಳಿಬಿಟ್ಟುಕೊಂಡು, ಪೀಪಾಯಿಯಲ್ಲಿ ಅದ್ದಿ ತುಂಬಿಸಿ, ನೆಟ್ಟಗೆ ಮನೆಗೆ ನಡೆಯುತ್ತಿದ್ದರು. ಕಾಲು ಬಿಡದೆ ಜೊತೆಗೇ ಬರುವುದರಿಂದ ಅದಕ್ಕೆ ನಾಯಿ ಎಂದು ಹೆಸರು. ಕದಿಯುವುದಕ್ಕಲ್ಲದೆ ಬೇರೆ ಯಾವ ಕೆಲಸಕ್ಕೂ ಬಾರದ ವಸ್ತು.

ಫರ್ಕರ್ ಚರ್ಚಿನ ಸಭೆಯ ಹಿರಿಯನಾಗಿದ್ದವನು. ಅವರ ಸಭೆಯಲ್ಲಿ, ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಕೂರುವವರು ಹಿಂದಿನ ದಿನ, ಶನಿವಾರ, ಹಿರಿಯರಿಂದ ಚೌಕನೆಯ ಒಂದು ಸೀಸದ ಬಿಲ್ಲೆ ಪಡೆಯಬೇಕು. ಯೋಗ್ಯರಿಗೆ ಮಾತ್ರ ಬಿಲ್ಲೆ. ಮೂವತ್ತೊಂದು ವರ್ಷ ಆ ಬಿಲ್ಲೆಗಳನ್ನು ಹಂಚಿದವನು ಫರ್ಕರ್. ಒಬ್ಬೊಬ್ಬರ ಮುಖವನ್ನೂ ನೋಡಿ, ನಿಧಾನವಾಗಿ ಅಂಗೈಯಲ್ಲಿಡುತ್ತಿದ್ದ. ಎಫಿಯ ಮುಖವನ್ನೂ ಹಾಗೆಯೇ ನೋಡುತ್ತಿದ್ದ.

ಆ ಮನುಷ್ಯ ಕಳ್ಳನೇ? ಕಾಲಿಗೆ ಕಳ್ಳಮಾಲು ಕಟ್ಟಿಕೊಂಡೇ ದೇವರ ಮೇಜಿಗೆ ಕೂತನೇ? ಹಾಗಾದರೆ ನಲವತ್ತಾರು ವರ್ಷ ತಾನು ಯಾರ ಪಕ್ಕದಲ್ಲಿ ಮಲಗಿದ್ದೆ? ಸತ್ತವರಿಗಾಗಿ ಪ್ರಾರ್ಥಿಸುವುದು ಅವರ ಸಭೆಯ ನಂಬಿಕೆಯಲ್ಲ. ಸತ್ತವರು ಆಗಲೇ ದೇವರ ಕೈ ಸೇರಿದವರು. ಆದ್ದರಿಂದ ಅವನನ್ನು ಕ್ಷಮಿಸಪ್ಪಾ ಎಂದು ಬೇಡುವ ದಾರಿಯೂ ಎಫಿಗಿರಲಿಲ್ಲ. ನಿಜ ಏನೆಂದು ತಿಳಿಯುವವರೆಗೆ ಶನಿವಾರ ಬಿಲ್ಲೆಗೆ ಕೈ ಚಾಚುವುದಿಲ್ಲ ಎಂದು ತೀರ್ಮಾನಿಸಿದ್ದಳು. ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ನೆಟ್ಟಿಗಂತೂ ಇಲ್ಲವೇ ಇಲ್ಲ, ಫರ್ಕರ್ ಅವಳ ಸ್ವಂತ ಅಣ್ಣ.

ನೇರವಾಗಿ ಡಾಲ್ನಬ್ರೇಗೆ ಹೋಗಿ ಕೇಳುವ ಧೈರ್ಯ ಅವಳಿಗಿರಲಿಲ್ಲ. ಮೊದಲು ಪರಸ್ಥಳದ ಭಟ್ಟಿಗಳಲ್ಲಿ ವಿಚಾರಿಸಿಕೊಂಡು ಕೊನೆಗೆ ಅಲ್ಲಿಗೆ ಹೋಗೋಣವೆಂದು ಲೆಕ್ಕ ಹಾಕಿದ್ದಳು.

ಸೋಮವಾರ ಹೋದದ್ದು ಟೊರಿಬರ್ನ್ ಭಟ್ಟಿಗೆ. ಬೀಚ್ ಮರಗಳು ಹಳದಿಯಾಗಿದ್ದವು. ಕೊಯ್ದ ಬಾರ್ಲಿಯ ಕೂಳೆಯಲ್ಲಿ ಹೆಬ್ಬಾತುಗಳು ಮೇಯುತ್ತಿದ್ದವು. ಭಟ್ಟಿ ತೋರಿಸುವ ಹುಡುಗಿ ಬಾರ್ಲಿಯ ರಸ ಹುಳಿ ಬರುವ ಮರದ ತೊಟ್ಟಿಗಳನ್ನೂ, ಹೊಟ್ಟೆ ದೊಡ್ಡದಾಗಿ ಕತ್ತು ಉದ್ದವಾದ ತಾಮ್ರದ ಹಂಡೆಗಳನ್ನೂ ತೋರಿಸುವಾಗ ಎಫಿ ಸುಮ್ಮನೆ ಹಿಂಬಾಲಿಸಿದಳು. ಗಾಜಿನ ಪೆಟ್ಟಿಗೆಯೊಂದರ ಮುಂದೆ ಬಂದಾಗ ನಿಂತಳು. ಅದರಲ್ಲಿ ಒಂದು ತಾಮ್ರದ ಕೊಳವೆ ಮಲಗಿತ್ತು.

"ಇದು ಹಳೇ ಕಾಲದ ಕಳ್ಳರ ಸಾಮಾನು" ಎಂದು ಹುಡುಗಿ ನಗುನಗುತ್ತ ವಿವರಿಸಿದಳು. ಬಂದವರೆಲ್ಲ ನಕ್ಕರು.

"ಎಷ್ಟು ಹಿಡಿಯುತ್ತೆ?" ಎಂದು ಎಫಿ ಕೇಳಿದಳು.

"ಒಂದು ಔಷಧಿ ಸೀಸೆಯಷ್ಟು ಹಿಡೀಬಹುದು."

"ಎಲ್ಲ ಕೆಲಸಗಾರರೂ ಇಟ್ಕೊಳ್ತಿದ್ರಾ? ಇಲ್ಲಾ ಕೆಟ್ಟವರು ಮಾತ್ರಾನಾ?"

ಹುಡುಗಿ ನಗು ನಿಲ್ಲಿಸಿ ನೆಟ್ಟಿಯ ಕಡೆ ನೋಡಿದಳು. ನೆಟ್ಟಿ ಎಫಿಯ ತೋಳು ಹಿಡಿದು ಎಳೆದಳು. "ಬಾರೇ, ಆ ಮಗೂನ ಹೆದರಿಸ್ಬೇಡ. ಭಾನುವಾರದ ಪ್ರಸಂಗ ಭಾನುವಾರಕ್ಕಿರ್ಲಿ."

ಕೊನೆಯಲ್ಲಿ ರುಚಿ ನೋಡಲೆಂದು ಎಲ್ಲರ ಮುಂದೆಯೂ ಚಿಕ್ಕ ಗ್ಲಾಸುಗಳನ್ನಿಟ್ಟರು. ಎಫಿ ತನ್ನದನ್ನು ಒಂದು ಬೆರಳಿನಿಂದ ದೂರ ತಳ್ಳಿದಳು. ನೆಟ್ಟಿ ಕಾರು ಓಡಿಸಬೇಕಾದ್ದರಿಂದ ಅವಳಿಗೆ ಸಣ್ಣ ಸೀಸೆಯಲ್ಲಿ ಹಾಕಿ ಕೊಟ್ಟರು.

"ನೋಡು ನಮ್ಮ ಭಾಗ್ಯ" ಎಂದಳು ನೆಟ್ಟಿ, ಸೀಸೆಯನ್ನು ಕೋಟಿನ ಜೇಬಿಗೆ ಇಳಿಸುತ್ತ. "ಇಬ್ಬರು ಮುದುಕಿಯರು ವಿಸ್ಕಿ ಯಾತ್ರೆ ಹೊರಟಿದೀವಿ. ಒಬ್ಬಳು ಕುಡಿಯೋ ಹಾಗಿಲ್ಲ, ಇನ್ನೊಬ್ಬಳು ಕುಡಿಯೋಳಲ್ಲ. ಅಲ್ವೇ, ವರ್ಷಕ್ಕೆರಡು ಸಲ ಚರ್ಚಲ್ಲಿ ದ್ರಾಕ್ಷಾರಸ ಕುಡಿತೀಯಲ್ಲ, ಅದು ಗಂಟಲಲ್ಲಿ ಹೆಂಗೆ ಇಳಿಯುತ್ತೆ?"

"ಅದು ಬೇರೆ."

"ಹೌದು ಬಿಡು, ಅದಕ್ಕೆ ಪಾದ್ರಿ ರಶೀದಿ ಕೊಡ್ತಾರೆ."

ಮಂಗಳವಾರ ಇನ್ನೊಂದು ಭಟ್ಟಿ. ಅಲ್ಲೂ ಒಂದು ಕೊಳವೆ, ಅಲ್ಲೂ ಎಫಿಯ ಅವೇ ಪ್ರಶ್ನೆಗಳು. ನೆಟ್ಟಿಗೆ ಇನ್ನೊಂದು ಪುಟ್ಟ ಸೀಸೆ. ಸಂಜೆ ಅಬರ್ಲೌರ್‌ನ ವಸತಿಗೃಹದಲ್ಲಿ ಬಿಸಿ ಸಾರು ಕುಡಿಯುತ್ತ ನೆಟ್ಟಿ ಚಮಚ ಕೆಳಗಿಟ್ಟಳು.

"ಎಫಿ, ನಿಜ ಹೇಳು. ಯಾವುದಾದ್ರೂ ಭಟ್ಟಿಗೆ ಕನ್ನ ಹಾಕೋ ಯೋಚನೆ ಇದೆಯಾ? ಹಂಡೆ ನೋಡಲ್ಲ, ಪೀಪಾಯಿ ನೋಡಲ್ಲ, ಆ ಕಳ್ಳ ಕೊಳವೆ ಕಂಡ್ರೆ ಮಾತ್ರ ಗಿಡುಗದ ಹಾಗೆ ಎರಗ್ತೀಯ. ಇದ್ರೆ ಹೇಳು, ಕಾರು ನನ್ನದು, ಅರ್ಧ ಪಾಲು ನನಗಿರ್ಲಿ."

ಎಫಿ ನಗಲಿಲ್ಲ. ಬ್ರೆಡ್ಡಿನ ಕೊನೆಯ ಗಟ್ಟಿ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿದಳು. ಆ ತುಂಡು ಯಾವಾಗಲೂ ಫರ್ಕರ್‌ನದು. ಎಂಟು ತಿಂಗಳಾದರೂ ಅವಳ ಕೈ ಅದನ್ನು ಅವನಿಗೆಂದೇ ಎತ್ತಿಡುತ್ತಿತ್ತು. ನೆಟ್ಟಿ ಅದನ್ನು ನೋಡಿದಳು, ಮುಂದೆ ತಮಾಷೆ ಮಾಡಲಿಲ್ಲ.

ಬುಧವಾರ ಮಧ್ಯಾಹ್ನ ಡಾಲ್ನಬ್ರೇ. ರೊಟ್ಟಿ ಕೊಡುತ್ತಿದ್ದ ಗೇಟನ್ನು ಎಫಿ ಬದುಕಿನಲ್ಲಿ ಮೊದಲ ಸಲ ದಾಟಿದಳು. ನೆಟ್ಟಿ ಹಂಡೆಗಳ ಮನೆಗೆ ಹೋದಳು. ಎಫಿ ಮಂಡಿ ನೋವೆಂದು ಹೇಳಿ ಹೊರಗಿನ ಕೋಣೆಯಲ್ಲೇ ಉಳಿದಳು. ಅಲ್ಲಿ ಬೆಂಕಿಯ ಪಕ್ಕದ ಕುರ್ಚಿಯಲ್ಲಿ ಮಿಸ್ಟರ್ ಕಾಲ್ಡರ್ ಕೂತಿದ್ದರು. ಎಂಬತ್ತು ದಾಟಿದ ಮುದುಕರು. ಒಂದು ಕಾಲಕ್ಕೆ ಈ ಭಟ್ಟಿಯ ಅಬಕಾರಿ ಅಧಿಕಾರಿಯಾಗಿದ್ದವರು. ಈಗ ಬಂದವರಿಗೆ ಹಳೆಯ ಕಥೆ ಹೇಳಿ ಬಿಸ್ಕತ್ತು ತಿನ್ನುವುದೇ ಅವರ ಉದ್ಯೋಗ. ಆಗಿನ ಕಾಲದಲ್ಲಿ ಉಗ್ರಾಣಕ್ಕೆ ಎರಡು ಬೀಗ. ಒಂದು ಸರ್ಕಾರದ್ದು, ಅದರ ಕೀಲಿ ಕಾಲ್ಡರರ ಬಳಿ. ಇನ್ನೊಂದು ಭಟ್ಟಿಯದು, ಅದರ ಕೀಲಿ ಫರ್ಕರ್‌ನ ಬಳಿ. ಒಬ್ಬರಿಲ್ಲದೆ ಇನ್ನೊಬ್ಬರು ಒಳಗೆ ಹೋಗುವಂತಿರಲಿಲ್ಲ.

ಎಫಿ ಬಟ್ಟೆ ಬಿಚ್ಚಿ ಕೊಳವೆಯನ್ನು ಅವರ ಮುಂದಿನ ಮೇಜಿನ ಮೇಲಿಟ್ಟಳು.

"ಇದು ನಿಮಗೆ ಗೊತ್ತಿತ್ತಾ, ಮಿಸ್ಟರ್ ಕಾಲ್ಡರ್?"

ಕಾಲ್ಡರ್ ಕನ್ನಡಕ ಹಾಕಿಕೊಂಡು ತಳದ ಕಾಸನ್ನು ತಿರುಗಿಸಿ ನೋಡಿದರು. ಮಾತಾಡದೆ ಎದ್ದು, ಗೋಡೆಯ ಬೀರುವಿನ ಕೆಳಗಿನ ಖಾನೆಯನ್ನು ಎಳೆದರು. ಅದರ ತುಂಬ ಕೊಳವೆಗಳಿದ್ದವು. ಉದ್ದದವು, ಗಿಡ್ಡವು, ಕಿಲುಬು ಹಿಡಿದವು.

"ಹನ್ನೊಂದಿವೆ" ಎಂದರು. "ನಿಮ್ಮದು ಹನ್ನೆರಡನೇದು. ಎಲ್ಲಾನೂ ವಿಧವೆಯರೇ ತಂದುಕೊಟ್ಟಿದ್ದು. ಪ್ರಭುಭೋಜನದ ವಾರ ಬಂದ್ರೆ ಸಾಕು, ಯಾರಾದ್ರೂ ಒಬ್ಬರು ಚೀಲ ಅವಚಿಕೊಂಡು ಬರ್ತಾರೆ. ತಂದವ್ರಲ್ಲಿ ನಾಲ್ಕು ಜನ ಚರ್ಚಲ್ಲಿ ನಿಮ್ಮ ಬೆಂಚಲ್ಲೇ ಕೂರೋರು. ಹೆಸರು ಮಾತ್ರ ಕೇಳ್ಬೇಡಿ."

ಎಫಿ ಹತ್ತಿರದ ಕುರ್ಚಿ ಎಳೆದುಕೊಂಡು ಕೂತಳು.

"ಉಳಿದೋರ ಸುದ್ದಿ ನನಗೆ ಬೇಡ. ಫರ್ಕರ್ ಕುಡೀತಿದ್ರಾ?"

"ಫರ್ಕರಾ? ಅಯ್ಯೋ ದೇವರೇ! ಆಗ ಕೆಲಸದೋರಿಗೆಲ್ಲ ದಿನಕ್ಕೆ ಮೂರು ಸಲ ಕೊಂಬಿನ ಬಟ್ಟಲಲ್ಲಿ ವಿಸ್ಕಿ ಕೊಡೋ ಪದ್ಧತಿ ಇತ್ತು, ನಿಮಗೆ ಗೊತ್ತು. ಮೇಲಿನವರ ಮುಂದೆ ನಿಂತೇ ಕುಡೀಬೇಕು, ಹೊರಗೆ ಒಯ್ಯೋ ಹಾಗಿಲ್ಲ. ಫರ್ಕರ್ ಸಾಲಲ್ಲಿ ನಿಂತು ತನ್ನ ಬಟ್ಟಲು ಈಸ್ಕೊಂಡು, ವಾಪಸ್ ಜಾಡಿಗೆ ಸುರೀತಿದ್ದ. ಮೂವತ್ತಾರು ವರ್ಷ. ಉಳಿದೋರು ಹೊಟ್ಟೆ ಉರಿದು ಸಾಯ್ತಿದ್ರು."

"ಮತ್ತೆ ಇದ್ಯಾಕೆ?"

ಕಾಲ್ಡರ್ ಬೆಂಕಿಯ ಕಡೆ ನೋಡಿದರು. ಒಂದು ಬಿಸ್ಕತ್ತನ್ನು ಎರಡಾಗಿ ಮುರಿದರು. ಆಮೇಲೆ ಕೇಳಿದರು: "ನಿಮ್ಮ ಮಂಡಿ ಈಗ ಹೇಗಿದೆ, ಮಿಸೆಸ್ ಗೆಡ್ಡಿಸ್?"

"ನನ್ನ ಮಂಡಿ ಮಾತು ಇಲ್ಲಿ ಯಾಕೆ?"

"ಅದೇ ಮಾತು ಇಲ್ಲಿರೋದು."

ಎಫಿಯ ಕೈ ತಾನಾಗಿ ಮಂಡಿಯ ಮೇಲೆ ಹೋಯಿತು. ಇಪ್ಪತ್ತು ವರ್ಷ ಚರ್ಚಿನ ಕಲ್ಲು ನೆಲವನ್ನು ಮಂಡಿಯೂರಿ ಉಜ್ಜಿದವಳು ಅವಳು. ಮಂಡಿ ಹಿಡಿದುಕೊಂಡಾಗ ಫರ್ಕರ್ ಒಂದು ಕಂದು ಸೀಸೆ ತಂದುಕೊಟ್ಟಿದ್ದ. ಎಲ್ಗಿನ್‌ನ ಔಷಧಿ ಅಂಗಡಿಯದು ಎಂದಿದ್ದ. ಮೇಲೆ ಅವನ ಕೈಬರಹದಲ್ಲೇ ಚೀಟಿ: ಹೊರಗೆ ಹಚ್ಚಲು ಮಾತ್ರ. ಮೂಗಿಗೆ ಹೊಡೆಯುವಷ್ಟು ಕರ್ಪೂರದ ವಾಸನೆ. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತೇನೋ. ಆದರೆ ಗಾಳಿಯೇ ವಿಸ್ಕಿಯಾಗಿರುವ ಊರಿನಲ್ಲಿ ಅದನ್ನು ಯಾರು ಗಮನಿಸುತ್ತಾರೆ?

"ಹೇಳಿ" ಎಂದಳು, ಸಣ್ಣ ದನಿಯಲ್ಲಿ.

"ಒಂದು ಶುಕ್ರವಾರ ಉಗ್ರಾಣದೊಳಗೆ ನಿಂತು, 'ಮಿಸ್ಟರ್ ಕಾಲ್ಡರ್, ನೀವು ಐದು ನಿಮಿಷ ಕಿಟಕಿ ಹತ್ರ ನಿಂತ್ಕೊಳ್ಳಿ' ಅಂದ. ಯಾಕಪ್ಪ ಅಂದೆ. 'ನಾನು ಮಾಡೋದು ನಿಮಗೆ ಗೊತ್ತಾಗಬಾರದು' ಅಂದ. 'ಏನು ಮಾಡ್ತೀಯ' ಅಂದೆ. ಸುಳ್ಳು ಹೇಳೋ ಅಭ್ಯಾಸ ಇಲ್ವಲ್ಲ, ಪೂರ್ತಿ ಹೇಳಿಬಿಟ್ಟ! ಎಫಿಗೆ ಮೆಟ್ಟಿಲು ಹತ್ತೋಕಾಗ್ತಿಲ್ಲ, ಇದನ್ನ ಉಜ್ಜಿದ್ರೆ ಕಡಿಮೆಯಾಗುತ್ತೆ ಅಂತಾರೆ, ನನ್ನ ಪಾಲು ದಿನಾ ಮೂರು ಬಟ್ಟಲು ಜಾಡಿಗೇ ಹೋಗ್ತಿದೆಯಲ್ಲ ಅಂದ. ಮತ್ತೆ ನಿನ್ನ ವ್ರತ ಅಂದೆ. 'ತುಟಿ ದಾಟಿಸಲ್ಲ ಅಂತ ಬೈಬಲ್ ಮುಟ್ಟಿ ಅವಳಿಗೆ ಮಾತು ಕೊಟ್ಟೆ. ಮಂಡಿ ವಿಷಯ ಮಾತಲ್ಲಿ ಬಂದಿಲ್ಲ' ಅಂದ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹಚ್ಕೋತಿದ್ರಾ?"

ಎಫಿ ತಲೆ ಅಲ್ಲಾಡಿಸಿದಳು. ಹಚ್ಚಿಕೊಳ್ಳುತ್ತಿರಲಿಲ್ಲ. ಕಾಲೆಳೆದುಕೊಂಡೇ ನಡೆಯುತ್ತಿದ್ದಳು, ಅದನ್ನೇ ನಾಲ್ಕು ಜನಕ್ಕೆ ಹೇಳಿಕೊಳ್ಳುತ್ತಲೂ ಇದ್ದಳು. ಆಮೇಲೆ ಇನ್ನೊಂದು ನೆನಪಾಗಿ ಅವಳ ಕಿವಿ ಬಿಸಿಯಾಯಿತು. ಪಾದ್ರಿಯ ಹೆಂಡತಿ ಮಿಸೆಸ್ ಮನ್ರೋಗೆ ಹೆಗಲು ನೋವೆಂದು ತಾನೇ ಆ ಮದ್ದನ್ನು ಹಂಚಿಕೊಟ್ಟಿದ್ದಳು. ಪಾದ್ರಿಗಳು ಸೊಂಟಕ್ಕೆ ಹಚ್ಚಿಕೊಂಡು, ಅದೇ ವಾರ ಕುಡಿತದ ಕೇಡಿನ ಮೇಲೆ ಒಂದೂಕಾಲು ಗಂಟೆ ನೆಟ್ಟಗೆ ನಿಂತು ಪ್ರಸಂಗ ಮಾಡಿದ್ದರು.

ನಗು ಬರಬೇಕಾದ ಜಾಗದಲ್ಲಿ ಸಿಟ್ಟು ಬಂತು. "ನಿಯಮ ಅಂದ್ರೆ ನಿಯಮ. ಒಯ್ಯಬಾರದು ಅಂದ ಮೇಲೆ ಒಯ್ದದ್ದು ಕಳ್ಳತನಾನೇ. ಅದನ್ನ ಕಾಲಿಗೆ ಕಟ್ಕೊಂಡು ದೇವರ ಮೇಜಿಗೆ ಹೇಗೆ ಕೂತ್ರು? ತಪ್ಪು ಅಂತ ಒಂದು ದಿನವಾದ್ರೂ ಅನ್ನಿಸ್ಲಿಲ್ವಾ?"

"ಅನ್ನಿಸ್ತಿತ್ತು" ಎಂದರು ಕಾಲ್ಡರ್. "ಅದು ನನಗೆ ಹೇಗೆ ಗೊತ್ತು ಅಂದ್ರೆ, ಎಲ್ಲ ಶುಕ್ರವಾರಾನೂ ನಾನು ಕಿಟಕಿ ಹತ್ರ ನಿಂತು ಕಾಗೆ ನೋಡ್ತಿದ್ದೆ. ಪ್ರಭುಭೋಜನ ಬರೋ ವಾರ ಮಾತ್ರ ಅವನೂ ಬಂದು ನನ್ನ ಪಕ್ಕ ನಿಂತ್ಕೊಳ್ತಿದ್ದ. ಆ ವಾರ ಪೀಪಾಯಿ ಮುಟ್ತಿರ್ಲಿಲ್ಲ. ಮನೆಯಲ್ಲಿರೋ ಸೀಸೇನೂ ಅಡಗಿಸಿಡ್ತೀನಿ ಅಂತಿದ್ದ. 'ಅವಳಿಗೆ ನೋವಾಗುತ್ತೆ, ಆದ್ರೂ ಇಬ್ಬರೂ ಬರಿಗೈಯಲ್ಲಿ ಹೋಗ್ಬೇಕು' ಅಂತಿದ್ದ. ಇಬ್ಬರೂ ಕಾಗೆ ನೋಡ್ತಾ ನಿಲ್ತಿದ್ವಿ. ಅವನ ಕಣ್ಣಲ್ಲಿ ನೀರು ಬರ್ತಿತ್ತು. ನಾನು ಕಾಗೆನೇ ನೋಡ್ತಿದ್ದೆ."

ಪ್ರಭುಭೋಜನದ ವಾರ ಬಂದಾಗಲೆಲ್ಲ ತನ್ನ ಮಂಡಿ ಬೆಂಕಿಯಾಗುತ್ತಿದ್ದದ್ದು ಎಫಿಗೆ ಚೆನ್ನಾಗಿ ನೆನಪಿತ್ತು. ಸೀಸೆ ಎಲ್ಲಿ ಎಂದು ಕೇಳಿದರೆ ಫರ್ಕರ್ ಮುಗಿದಿದೆ, ಸೋಮವಾರ ತರುತ್ತೇನೆ ಎನ್ನುತ್ತಿದ್ದ. ಅದನ್ನು ಅವಳು ಸೈತಾನನ ಕಾಟವೆಂದು ತಿಳಿದಿದ್ದಳು. ಹೆಂಗಸರ ಪ್ರಾರ್ಥನಾ ಕೂಟದಲ್ಲಿ ಹಾಗೆಂದು ಸಾಕ್ಷಿಯನ್ನೂ ಹೇಳಿದ್ದಳು. ಸೈತಾನನಲ್ಲ, ಫರ್ಕರ್.

ಕಣ್ಣು ಒರೆಸಿಕೊಂಡು ಎಫಿ ನೆಟ್ಟಗೆ ಕೂತಳು.

"ಈ ತಾಮ್ರದ ಕೊಳವೆ ಎಲ್ಲಿಯದು?"

"ಭಟ್ಟಿಯದೇ. ಹಳೇ ಪೈಪಿನ ತುಂಡು."

"ಹಾಗಾದ್ರೆ ಇಲ್ಲೇ ಇರ್ಲಿ. ಕಾಸು ಫರ್ಕರ್‌ದು. ಅದನ್ನ ಕಿತ್ತುಕೊಡಿ."

"ಮಿಸೆಸ್ ಗೆಡ್ಡಿಸ್, ಕಿತ್ರೆ ಕೊಳವೆಗೆ ತಳಾನೇ ಇರಲ್ಲ!"

"ತಳ ಕಟ್ಕೊಂಡು ಅದಕ್ಕೇನಾಗ್ಬೇಕು ಇನ್ಮೇಲೆ?"

ಕಾಲ್ಡರ್ ಅವಳನ್ನು ಒಂದು ಗಳಿಗೆ ನೋಡಿದರು. ಗಂಡ ಹೆಂಡತಿ ಇಬ್ಬರೂ ಒಂದೇ ಅಚ್ಚು ಎಂದು ಗೊಣಗುತ್ತ, ಪೀಪಾಯಿ ಕಟ್ಟುವವರ ಕೊಟ್ಟಿಗೆಯಿಂದ ಇಕ್ಕುಳ ತಂದು ಕಾಸನ್ನು ಬಿಡಿಸಿಕೊಟ್ಟರು. ಖಾನೆಯಲ್ಲಿರುವ ಹನ್ನೆರಡು ಕೊಳವೆಗಳಲ್ಲಿ ತಳವಿಲ್ಲದ್ದು ಅದೊಂದೇ.

ಕಾರಿನಲ್ಲಿ ಎಫಿ ಎಲ್ಲವನ್ನೂ ನೆಟ್ಟಿಗೆ ಹೇಳಿದಳು. ಪಾದ್ರಿಯ ಸೊಂಟದವರೆಗೆ ಬರುವಷ್ಟರಲ್ಲಿ ನೆಟ್ಟಿ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ ಸ್ಟಿಯರಿಂಗಿಗೆ ಹಣೆ ಹಚ್ಚಿಬಿಟ್ಟಳು. ಅವಳ ಭುಜ ಅಲುಗುತ್ತಿತ್ತು.

"ನಗ್ಬೇಡ" ಎಂದಳು ಎಫಿ.

"ನಗ್ತಾನೇ ಇಲ್ಲ" ಎಂದಳು ನೆಟ್ಟಿ. ತಲೆ ಎತ್ತಿದಾಗ ಅವಳ ಮುಖವೆಲ್ಲ ಒದ್ದೆಯಾಗಿತ್ತು. "ಅಣ್ಣ ಚಿಕ್ಕೋನಿದ್ದಾಗಲೂ ಹಾಗೇ. ತೋಟದ ಸೇಬು ಕದ್ದು ತರೋನು, ನನಗೆ ತಿನ್ನಿಸೋನು, ತಾನು ಮುಟ್ಟೋನಲ್ಲ. ಕದ್ದದ್ದು ತಿನ್ನಬಾರದು ಅನ್ನೋನು." ಅವಳು ಕೋಟಿನ ಜೇಬಿನಿಂದ, ಭಟ್ಟಿಗೊಂದರಂತೆ, ಮೂರು ಪುಟ್ಟ ಸೀಸೆಗಳನ್ನು ತೆಗೆದು ಎಫಿಯ ಮಡಿಲಲ್ಲಿಟ್ಟಳು. "ತಗೋ. ನ್ಯಾಯವಾಗಿ ಸಿಕ್ಕಿದ್ದು, ಅವರೇ ಕೈಗೆ ಕೊಟ್ಟಿದ್ದು. ಕರ್ಪೂರ ನೀನೇ ಹಾಕ್ಕೋ."

"ಈ ವಾರ ಮುಟ್ಟಲ್ಲ."

"ಗೊತ್ತು ಮಾರಾಯ್ತಿ. ಸೋಮವಾರ ಹಚ್ಕೋ."

ಗುರುವಾರ, ಶುಕ್ರವಾರ ಮಂಡಿ ಹಿಂಡಿತು. ಶನಿವಾರ ಎಫಿ ಸಾಲಿನಲ್ಲಿ ನಿಂತಳು. ಫರ್ಕರ್‌ನ ಜಾಗದಲ್ಲಿ ಹೊಸ ಹಿರಿಯನೊಬ್ಬ ನಿಂತಿದ್ದ; ಅವನು ಮುಖ ನೋಡುವಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ. ಅವಳು ಕೈ ಚಾಚಿದಳು. ಸೀಸದ ಬಿಲ್ಲೆ ಅಂಗೈಗೆ ತಣ್ಣಗೆ ಬಿತ್ತು.

ಭಾನುವಾರ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜಿನ ಕಡೆಗೆ ಹೊರಡುವಾಗ ಬಲಗೈಯ ಕೈಗವಸಿನೊಳಗೆ ಬಿಲ್ಲೆಯೂ ಇತ್ತು, ಕಾಸೂ ಇತ್ತು. ಹಿರಿಯನು ಬಿಲ್ಲೆ ಪಡೆಯಲು ಅಂಗೈ ಒಡ್ಡಿದ. ಅವಳ ಬೆರಳು ಒಂದು ಕ್ಷಣ ತಡವರಿಸಿತು. ಚೌಕವಾದದ್ದನ್ನು ಕೊಟ್ಟಳು, ದುಂಡಗಿದ್ದದ್ದನ್ನು ಉಳಿಸಿಕೊಂಡಳು. ಬೆಂಚಿನ ಅಂಚು ಹಿಡಿದು, ಒಂದೊಂದೇ ಹೆಜ್ಜೆಯಾಗಿ, ಹಲ್ಲು ಕಚ್ಚಿ ನಡೆದು ಹೋಗಿ ಕೂತಳು. ರೊಟ್ಟಿ ಬಂತು, ಮುರಿದು ತಿಂದಳು. ಬಟ್ಟಲು ಬಂತು, ಕುಡಿದಳು. ಗಂಟಲಲ್ಲಿ ಚೆನ್ನಾಗಿಯೇ ಇಳಿಯಿತು.

ಆರಾಧನೆ ಮುಗಿದು ಹೊರಗೆ ಬರುವಾಗ ಮಿಸೆಸ್ ಮನ್ರೋ ಹೆಗಲು ನೀವಿಕೊಳ್ಳುತ್ತ ಪಕ್ಕಕ್ಕೆ ಬಂದರು.

"ಎಫೀ, ಯಾಕೋ ಈ ಚಳಿಗೆ ತೋಳು ಎತ್ತೋಕಾಗ್ತಿಲ್ಲ. ಪಾಪ, ಫರ್ಕರ್ ತಂದುಕೊಡ್ತಿದ್ರಲ್ಲ ಆ ಎಲ್ಗಿನ್ ಮದ್ದು, ಸ್ವಲ್ಪವಾದ್ರೂ ಉಳಿದಿದೆಯಾ? ಇವರೂ ಕೇಳ್ತಿದ್ರು."

ಎಫಿ ಕೈಗವಸಿನೊಳಗಿನ ಕಾಸನ್ನು ಒಮ್ಮೆ ಒತ್ತಿದಳು.

"ಇದೆ" ಎಂದಳು. "ನಾಳೆ ಸೋಮವಾರ ಬನ್ನಿ, ಕೊಡ್ತೀನಿ. ಕೊಡೋ ಮುಂಚೆ ಅದ್ರಲ್ಲಿ ಏನಿದೆ ಅಂತಾನೂ ಹೇಳ್ತೀನಿ. ಆಮೇಲೆ ಹಚ್ಕೊಳ್ಳೋದು ಬಿಡೋದು ನಿಮ್ಮಿಬ್ಬರಿಗೆ ಸೇರಿದ್ದು."